ಹಳೇ ಅಂಬಾಸಿಡರ್‌ಗೆ ಯಾವ ಹೆಡ್‌ಲೈಟ್? ಹಾಕಿ ನೋಡಿದ ಮೇಲೆ ಬರೆಯುತ್ತಿದ್ದೇನೆ

ನಮ್ಮ ಮನೆಯ ಅಂಬಾಸಿಡರ್ 1978ರದ್ದು, ಮಾರ್ಕ್ 3. ಅಪ್ಪಯ್ಯ ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗದ ಮಂಡಿಗೆ ಅಡಿಕೆ ಮೂಟೆ ಸಾಗಿಸಿದ್ದು ಇದರಲ್ಲೇ. ಈಗ ನಾನು ಓಡಿಸುತ್ತೇನೆ. ಇಷ್ಟು ಹಳೇ ಕಾರಿನ ಆರ್‌ಸಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಅಲ್ವಾ? ಈ ಸಲ ಆರ್‌ಟಿಒ ತಪಾಸಣೆಯಲ್ಲಿ ಬ್ರೇಕು, ಹೊಗೆ, ಹಾರ್ನು ಎಲ್ಲ ಸರಿಹೋಯಿತು. ಹೆಡ್‌ಲೈಟ್ ಒಂದೇ ಉಳಿಯಿತು. "ಬಲಗಡೆದು ಆಕಾಶ ನೋಡ್ತಿದೆ, ಎಡಗಡೆದು ಮಿಣುಕ್ತಿದೆ. ಸರಿ ಮಾಡಿಸ್ಕೊಂಡು ಬನ್ನಿ" ಎಂದರು. ಅವರು ಹೇಳಿದ್ದು ನೂರಕ್ಕೆ ನೂರು ನಿಜ.

50 ವರ್ಷ ದಾಟಿದ ಕಾರನ್ನು ವಿಂಟೇಜ್ ಎಂದು ಬೇರೆಯಾಗಿ ನೋಂದಾಯಿಸುವ ವ್ಯವಸ್ಥೆ 2021ರಲ್ಲಿ ಬಂತು. ಆದರೆ ಹಾಗೆ ಮಾಡಿಸಿದರೆ ದಿನನಿತ್ಯ ರಸ್ತೆಗೆ ಇಳಿಸುವಂತಿಲ್ಲ. ನಮ್ಮ ಕಾರು ಪೇಟೆಗೆ ಹೋಗಬೇಕು, ಮದುವೆಗೆ ಹೋಗಬೇಕು. ಹಾಗಾಗಿ ಎಲ್ಲ ಕಾರಿಗೂ ಇರುವ ನಿಯಮವೇ ಇದಕ್ಕೂ.

ಆ ನಿಯಮ ಓದಿದರೆ ತುಂಬಾ ಸರಳವಾಗಿದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989. ಅದರ 106ನೇ ನಿಯಮ. ದೀಪದಿಂದ 8 ಮೀಟರ್ ಮುಂದೆ, ಗಾಡಿಯ ಬಲ ಅಂಚಿನಿಂದ ಅರ್ಧ ಮೀಟರ್ ಆಚೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಒಬ್ಬರ ಕಣ್ಣು ಇದ್ದರೆ, ಆ ಕಣ್ಣಿಗೆ ಬೆಳಕು ಕುಕ್ಕಬಾರದು. ಯೋಚಿಸಿ ನೋಡಿ, ಎದುರಿನಿಂದ ಬರುವ ಡ್ರೈವರ್ ಇರುವ ಜಾಗ ಹೆಚ್ಚುಕಡಿಮೆ ಅದೇ.

ನಾನು ಅದನ್ನೇ ಅಡಿಕೆ ಒಣಗಿಸುವ ಅಂಗಳದಲ್ಲಿ ಅಳೆದೆ. ಸುಣ್ಣದಲ್ಲಿ ಗುರುತು ಹಾಕಿದೆ. ನನ್ನ ಹೆಂಡತಿಯ ಕಣ್ಣಿನ ಎತ್ತರ ಸರಿಯಾಗಿ ಒಂದೂವರೆ ಮೀಟರ್. ಪ್ರತಿ ಸಲವೂ ಅವಳೇ ಅಲ್ಲಿ ನಿಂತು ಹೇಳಿದಳು. ಅದು ಮುಗಿದ ಮೇಲೆ ಸಕ್ರೆಬೈಲಿನಿಂದ ಮಂಡಗದ್ದೆವರೆಗೆ ರಾತ್ರಿ ಓಡಿಸಿ ನೋಡುವುದು. ಒಂದು ಕಡೆ ತುಂಗೆ, ಇನ್ನೊಂದು ಕಡೆ ಕಾಡು. ತಿರುವಿನಲ್ಲಿ ಕಾಡುಕೋಣ ನಿಂತಿದ್ದರೂ ನಿಂತಿರಬಹುದು. ಅಲ್ಲಿ ಸರಿಯಾಗಿ ಕಂಡರೆ ಎಲ್ಲಿಯಾದರೂ ಕಂಡೀತು.

ಮೊದಲು, ಇದ್ದದ್ದನ್ನು ಇದ್ದ ಹಾಗೇ ನೋಡಿದೆ. 45/40 ವ್ಯಾಟಿನ (ಹೈ ಬೀಮ್‌ಗೆ 45, ಡಿಮ್‌ಗೆ 40) ಹಳೇ ಮಾದರಿ ಬಲ್ಬು. ಹೆಂಡತಿಗೆ ಬಲಗಡೆಯದು ಕುಕ್ಕಿತು, ನನಗೆ ರಸ್ತೆ ಕಾಣಲಿಲ್ಲ. ಎರಡೂ ಕಡೆಗೆ ನಷ್ಟ. ಡೂಮ್, ಅಂದರೆ ಗಾಜು, ಕನ್ನಡಿ ಸೇರಿದ ಇಡೀ ದೀಪ, ಬಿಚ್ಚಿದರೆ ಒಳಗಿನ ಕನ್ನಡಿಯ ಹೊಳಪು ಪೂರ್ತಿ ಹೋಗಿತ್ತು. ನಮ್ಮ ಮಲೆನಾಡಿನ ಮಳೆ ಒಳಗೆ ನುಗ್ಗಿದರೆ ಹಾಗೇ ಆಗುವುದು.

ಪೇಟೆಯ ಎಲೆಕ್ಟ್ರಿಷಿಯನ್ ಒಬ್ಬರು 100/90 ವ್ಯಾಟಿನ ಹ್ಯಾಲೋಜೆನ್ ಹಾಕಿ ಎಂದರು. ಎರಡೇ ರಾತ್ರಿ. ಬೆಳಕು ಜಾಸ್ತಿ ಬಂತು, ನಿಜ. ಆದರೆ ಬಲ್ಬಿನ ಹೋಲ್ಡರ್ ಕರಗಿದ ವಾಸನೆಯೂ ಬಂತು. ಎರಡು ದೀಪ ಸೇರಿ 200 ವ್ಯಾಟ್ ಎಂದರೆ 16 ಆಂಪಿಯರ್‌ಗೂ ಮೇಲೆ. ನಮ್ಮದರಲ್ಲಿ ಇನ್ನೂ ಡೈನಮೋ, ಅದು ಕೊಡುವುದೇ ಹೆಚ್ಚೆಂದರೆ 22. ವೈಪರು, ಇಗ್ನಿಷನ್ನು ಎಲ್ಲ ಅದರಲ್ಲೇ ನಡೆಯಬೇಕು. ರಸ್ತೆಯಲ್ಲಿ ಉರಿಸಲು ಒಪ್ಪಿಗೆ ಇರುವುದೂ 60/55ಕ್ಕೇ. ತೆಗೆದಿಟ್ಟೆ.

ಎಲ್‌ಇಡಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಈಗ ಎಲ್ಲರೂ ಅದನ್ನೇ ಹಾಕಿಸಿಕೊಳ್ಳುತ್ತಿದ್ದಾರೆ. ಹಳೇ ಕಾರಿನವರಿಗೆ ಅದರ ಮೇಲೆ ಆಸೆಯೂ ಜಾಸ್ತಿ, ಕರೆಂಟು ಕಡಿಮೆ ತಿನ್ನುತ್ತದಲ್ಲ ಎಂದು. ನನಗೂ ಆ ಆಸೆ ಇತ್ತು. ಎಚ್4 ಎಂಬ ಮಾದರಿಯ ಹ್ಯಾಲೋಜೆನ್ ಬಲ್ಬಿಗೆಂದು ಮಾಡಿದ ಡೂಮ್ ಒಳಗೆ ಎಲ್‌ಇಡಿ ಬಲ್ಬು ಕೂರಿಸಿದೆ. ಅಂಗಳ ಹಗಲಿನ ಹಾಗೆ ಬೆಳಗಿತು. ಸುಣ್ಣದ ಗುರುತಿನ ಮೇಲೆ ನಿಂತ ಹೆಂಡತಿ ಮುಖಕ್ಕೆ ಕೈ ಅಡ್ಡ ಹಿಡಿದು "ಆಫ್ ಮಾಡ್ರೀ, ನೀವೂ ಕಾಣ್ತಿಲ್ಲ, ಕಾರೂ ಕಾಣ್ತಿಲ್ಲ" ಎಂದಳು. ಅದೂ ಡಿಮ್‌ನಲ್ಲಿ!

ಯಾಕೆ ಹೀಗೆ? ಎಚ್4 ಹ್ಯಾಲೋಜೆನ್ ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿ. ಒಳಗೆ ಎರಡು ತಂತಿ ಇವೆ. ಡಿಮ್ ತಂತಿಯ ಕೆಳಗೆ ಪುಟ್ಟ ದೊನ್ನೆಯಂಥ ತಗಡು ಇದೆ. ಬೆಳಕು ಕನ್ನಡಿಯ ಕೆಳಭಾಗಕ್ಕೆ ಬೀಳದಂತೆ ತಡೆಯುವುದು ಆ ದೊನ್ನೆ. ಹಾಗೆ ತಡೆದಿದ್ದರಿಂದಲೇ ಎದುರು ಬೆಳಕಿಗೆ ಒಂದು ಮೇಲಂಚು ಬರುತ್ತದೆ, ಅದರ ಮೇಲೆ ಕತ್ತಲು. ಕನ್ನಡಿಯ ಲೆಕ್ಕ ನಿಂತಿರುವುದು ಆ ಸಣ್ಣ ತಂತಿ ಇರುವ ಜಾಗದ ಮೇಲೆ. ಎಲ್‌ಇಡಿಯಲ್ಲಿ ತಂತಿಯೇ ಇಲ್ಲ. ಚಪ್ಪಟೆ ಪಟ್ಟಿಯ ಎರಡೂ ಬದಿಗೆ ಚಿಪ್ ಅಂಟಿಸಿರುತ್ತಾರೆ. ಜಾಗ ಕೂದಲಷ್ಟು ಆಚೀಚೆ ಆದರೂ ಬೆಳಕು ಮೇಲಕ್ಕೆ ಚೆಲ್ಲುತ್ತದೆ.

ಆಗುಂಬೆಯಲ್ಲಿ ಅದರ ಗುಣ ಇನ್ನೂ ಚೆನ್ನಾಗಿ ಗೊತ್ತಾಯಿತು. ಘಾಟಿಯ 14 ತಿರುವುಗಳಲ್ಲಿ ಮಂಜು ಕೂತಿತ್ತು. ಮೇಲಕ್ಕೆ ಚೆಲ್ಲಿದ ಬೆಳಕೆಲ್ಲ ಮಂಜಿಗೆ ಬಡಿದು ನನ್ನ ಕಣ್ಣಿಗೇ ವಾಪಸ್ ಬಂತು. ಎದುರಿಗೆ ಬಿಳೀ ಗೋಡೆ ಎದ್ದ ಹಾಗೆ. ಕಾರು ನಿಲ್ಲಿಸಿ ಒಂದು ಗಳಿಗೆ ಸುಮ್ನೆ ಕೂತುಬಿಟ್ಟೆ. ಇನ್ನೂ ಒಂದು ವಿಷಯ ಇದೆ. ಹ್ಯಾಲೋಜೆನ್ ಬಿಸಿಗೆ ಗಾಜಿನ ಒಳಗಿನ ತೇವ ಆರಿಹೋಗುತ್ತದೆ. ಎಲ್‌ಇಡಿಯ ಬಿಸಿ ಇರುವುದು ಹಿಂದಿನ ಫ್ಯಾನಿನ ಕಡೆಗೆ, ಗಾಜು ತಣ್ಣಗೇ ಉಳಿಯುತ್ತದೆ. ಮಳೆಗಾಲದಲ್ಲಿ ಗಾಜಿನ ಒಳಗೆ ಬೆವರಿದ ಹಾಗೆ ನೀರು ಕೂತಿತ್ತು. ಆ ಫ್ಯಾನಿನ ಬಿಸಿಗಾಳಿ ಹೋಗಲು ಅಂಬಾಸಿಡರ್ ದೀಪದ ಬಟ್ಟಲಿನಲ್ಲಿ ಜಾಗವೂ ಇಲ್ಲ.

ಕಾನೂನಿನ ಮಾತೂ ಇದೆ. ಕಂಪನಿ ಕೊಟ್ಟದ್ದನ್ನು ಮನಸ್ಸಿಗೆ ಬಂದ ಹಾಗೆ ಬದಲಿಸಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2024ರ ಜುಲೈನಿಂದ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ಸಾವಿರಾರು ಕೇಸು ಹಾಕಿದರು. ನನಗೆ ಅದು ಸರಿ ಎನಿಸಿತು. ಹಿಂದೆ ಹೆಡ್‌ಲೈಟಿನ ಮೇಲೆ ಕಪ್ಪು ಬಣ್ಣ ಬಳಿಯುತ್ತಿದ್ದದ್ದು ನೆನಪಿದೆಯಾ? ಅದೂ ಎದುರಿನವರ ಕಣ್ಣಿಗಾಗಿಯೇ.

ಮಂಜಿಗೆ ಹಳದಿ ಹಾಳೆ ಅಂಟಿಸಿಯೂ ನೋಡಿದೆ. ಬೆಳಕು ಕಡಿಮೆಯಾಯಿತು, ಕಂಡದ್ದೇನೂ ಹೆಚ್ಚಲಿಲ್ಲ.

ಕೊನೆಗೆ ಕಂಪನಿ ದಾರಿಗೇ ಬಂದೆ. 7 ಇಂಚಿನ ದುಂಡು ಡೂಮ್, 60/55 ಎಚ್4 ಬಲ್ಬು. ಇದರಲ್ಲೂ ಒಂದು ಸಲ ಎಡವಿದೆ. ಆನ್‌ಲೈನ್‌ನಲ್ಲಿ ತರಿಸಿದ ಜೋಡಿ ನೋಡಲು ಬಹಳ ಚೆಂದ ಇತ್ತು. ಗೋಡೆಗೆ ಬೆಳಕು ಬಿಟ್ಟರೆ ಅಂಚು ಬಲಗಡೆಗೆ ಏರುತ್ತಿತ್ತು. ನಾವು ಓಡಿಸುವುದು ಎಡಗಡೆ. ನಮಗೆ ಬೆಳಕು ಎಡಗಡೆಗೆ ಏರಬೇಕು. ಮೈಲಿಗಲ್ಲು, ಚರಂಡಿ, ನಡೆದುಹೋಗುವವರು ಕಾಣಬೇಕಾದ್ದು ಆ ಕಡೆ. ಇದು ಬಲಗಡೆ ಓಡಿಸುವ ದೇಶದ ಗಾಜು, ಎದುರಿನವರ ಕಣ್ಣಿಗೇ ಏರುತ್ತದೆ. ಎಷ್ಟು ತಿರುಪು ತಿರುಗಿಸಿದರೂ ಸರಿಹೋಗುವುದಿಲ್ಲ. ಕೊಳ್ಳುವಾಗಲೇ ಗುರುತು ನೋಡಿ. ಯುರೋಪಿನ ಪದ್ಧತಿಯ ಗಾಜಾದರೆ, ದೀಪಕ್ಕೆ ಮುಖ ಮಾಡಿ ನಿಂತಾಗ ನಿಮ್ಮ ಬಲಗೈ ಕಡೆಗೆ ತೋರುವ ಬಾಣ ಇರಬೇಕು. ಬಾಣವೇ ಇಲ್ಲದಿದ್ದರೆ ಅದು ಬಲಗಡೆ ಓಡಿಸುವವರದ್ದು. ನನ್ನದರಲ್ಲಿ ಬಾಣ ಇರಲಿಲ್ಲ. ವಾಪಸ್ ಕಳಿಸಿ ಬೇರೆ ತಂದೆ.

ಬಲ್ಬಿಗಿಂತ ದೊಡ್ಡ ಬದಲಾವಣೆ ತಂದದ್ದು ಮಾತ್ರ ರಿಲೇ, ಅಂದರೆ ಸ್ವಿಚ್ಚಿನ ಸಣ್ಣ ಕರೆಂಟಿನಿಂದ ದೀಪದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಪುಟ್ಟ ಡಬ್ಬಿ. ಹಳೇ ವೈರಿಂಗ್‌ನಲ್ಲಿ ದೀಪದ ಪೂರ್ತಿ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಬಂದು, ಅಲ್ಲಿಂದ ಕಾಲಡಿಯ ಡಿಪ್ಪರ್ ಸ್ವಿಚ್ಚಿಗೆ ಹೋಗಿ, ಮತ್ತೆ ಮುಂದಕ್ಕೆ ಓಡಬೇಕು. ಕಿಲುಬು ಹಿಡಿದ ಕನೆಕ್ಷನ್ ಎಷ್ಟೋ! ಮೀಟರ್ ಇಟ್ಟು ನೋಡಿದೆ. ಬ್ಯಾಟರಿಯಲ್ಲಿ 12.6 ವೋಲ್ಟ್, ಬಲ್ಬಿನಲ್ಲಿ 10.5. ವೋಲ್ಟೇಜ್ ನೂರಕ್ಕೆ ಹತ್ತು ಇಳಿದರೆ ಇಂಥ ಬಲ್ಬಿನ ಬೆಳಕು ನೂರಕ್ಕೆ ಮೂವತ್ತರಷ್ಟು ಇಳಿಯುತ್ತದೆ. ನಾವು ಬಲ್ಬನ್ನು ಬೈಯುತ್ತೇವೆ, ಪಾಪ ಅದಕ್ಕೆ ಊಟವೇ ಸಿಕ್ಕಿರುವುದಿಲ್ಲ.

ಡಿಮ್‌ಗೆ ಒಂದು, ಹೈ ಬೀಮ್‌ಗೆ ಒಂದು, ಎರಡು ರಿಲೇ ಹಾಕಿದೆ. ಬ್ಯಾಟರಿಯಿಂದ ದಪ್ಪ ವೈರು ರಿಲೇಯ 30 ನಂಬರಿನ ಪಿನ್ನಿಗೆ, ನಡುವೆ ಫ್ಯೂಸು. 87ರಿಂದ ಬಲ್ಬಿಗೆ. ಹಳೇ ಸ್ವಿಚ್ಚಿನ ವೈರು 86ಕ್ಕೆ, 85 ಅರ್ತ್. ದೀಪದ ಅರ್ತ್ ವೈರುಗಳನ್ನೂ ಹೊಸದಾಗಿ ಕಾರಿನ ಕಬ್ಬಿಣದ ಮೈಗೆ ಜೋಡಿಸಿದೆ, ಇದನ್ನು ಮರೆಯಬೇಡಿ. ಈಗ ಬಲ್ಬಿನಲ್ಲಿ 12.2. ಡೂಮ್, ಬಲ್ಬು, ರಿಲೇ, ವೈರು ಎಲ್ಲ ಸೇರಿ ಮೂರು ಸಾವಿರದೊಳಗೆ ಮುಗಿಯಿತು. ಹಳೇ ವೈರು ಒಂದನ್ನೂ ಕತ್ತರಿಸಿಲ್ಲ. ಅಪ್ಪಯ್ಯ ತುಳಿಯುತ್ತಿದ್ದ ಡಿಪ್ಪರ್ ಸ್ವಿಚ್ಚೇ ಈಗಲೂ ಕೆಲಸ ಮಾಡುತ್ತದೆ.

ಇನ್ನು ಗುರಿ ಕೂರಿಸುವುದು. ಸಮತಟ್ಟಾದ ಅಂಗಳದಲ್ಲಿ ಗೋಡೆಯಿಂದ 10 ಮೀಟರ್ ದೂರ ಕಾರು ನಿಲ್ಲಿಸಿದೆ. ದೀಪದ ನಡುಮಧ್ಯದ ಎತ್ತರಕ್ಕೆ ಗೋಡೆ ಮೇಲೆ ಗೆರೆ ಎಳೆದೆ. ಡಿಮ್ ಬೆಳಕಿನ ಅಂಚು ಆ ಗೆರೆಯಿಂದ 10 ಸೆಂಟಿಮೀಟರ್ ಕೆಳಗೆ ಬರುವಂತೆ ತಿರುಪು ತಿರುಗಿಸಿದೆ. ಹೆಂಡತಿ ಸುಣ್ಣದ ಗುರುತಿನಲ್ಲಿ ನಿಂತು, "ಈಗ ನಿಮ್ಮ ಮುಖ ಕಾಣ್ತಿದೆ" ಎಂದಳು.

ತಪಾಸಣೆ ಐದು ನಿಮಿಷದಲ್ಲಿ ಮುಗಿಯಿತು. ಅದೇ ವಾರ ರಾತ್ರಿ ಮಂಡಗದ್ದೆ ದಾರಿಯಲ್ಲಿ ಎದುರಿನಿಂದ ಮೂರು ಬಸ್ ಬಂದವು. ಒಂದೂ ನನಗೆ ಲೈಟ್ ಹೊಡೆಯಲಿಲ್ಲ. ಎಡಗಡೆ ಚರಂಡಿಯ ಕಲ್ಲುಗಳು ಒಂದೊಂದಾಗಿ ಕಾಣುತ್ತಿದ್ದವು.

ಗೋಡೆಯ ಗೆರೆಯನ್ನು ಅಳಿಸಿಲ್ಲ. ಡಿಕ್ಕಿಗೆ ಅಡಿಕೆ ಹೇರಿದರೆ ಹಿಂದಿನ ಪಟ್ಟಿ ಸ್ಪ್ರಿಂಗ್ ಕುಗ್ಗಿ ಮೂತಿ ಮೇಲೇಳುತ್ತದೆ, ಬೆಳಕೂ ಏರುತ್ತದೆ. ಸುಗ್ಗಿಯಲ್ಲಿ ಎರಡು ಮೂಟೆ ಹೇರಿ ಇನ್ನೊಂದು ಸಲ ಅಳೆಯಬೇಕು.