ಗ್ರೀಕ್ ಕಲಿಯಲು ನಾನು ಹಿಡಿದ ಮೂರು ದಾರಿಗಳು: ಒಂದು ಹೋಲಿಕೆ

ಗ್ರೀಕ್ ನಾಟಕಕಾರ ಸೊಫೊಕ್ಲೀಸನ ‘ಅಜಾಕ್ಸ್’ ನಾಟಕವನ್ನು ಮಹಾಭಾರತದ ಪಾತ್ರಗಳಿಗೆ ಒಗ್ಗಿಸಿ ಬಿ.ಎಂ.ಶ್ರೀಯವರು 1929ರಲ್ಲಿ ಹೊರತಂದ ‘ಅಶ್ವತ್ಥಾಮನ್’ ಅನ್ನು ಪದವಿ ತರಗತಿಯಲ್ಲಿ ಓದಿದಂದಿನಿಂದ, ಅದರ ಮೂಲವನ್ನು ಮೂಲದ ಭಾಷೆಯಲ್ಲೇ ಓದಬೇಕೆಂಬ ಹಟ ನನ್ನನ್ನು ಬಿಟ್ಟಿರಲಿಲ್ಲ. ಮೈಸೂರಿನಲ್ಲಿ ಸಂಸ್ಕೃತವನ್ನು ಐಚ್ಛಿಕ ವಿಷಯವಾಗಿ ಓದಿ ಮುಗಿಸಿ, ಕೆಲವು ವರ್ಷಗಳ ನಂತರ ಬ್ರಿಟನ್ನಿನ ವಿಶ್ವವಿದ್ಯಾಲಯವೊಂದರಲ್ಲಿ ಪ್ರಾಚೀನ ಗ್ರೀಕ್ ಭಾಷೆ ಮತ್ತು ಸಾಹಿತ್ಯದ ಪದವಿಗೆ ಸೇರಿದಾಗ ನನಗೆ ಗ್ರೀಕಿನ ಅಕ್ಷರಮಾಲೆಯೂ ಸರಿಯಾಗಿ ಬರುತ್ತಿರಲಿಲ್ಲ. ಅಲ್ಲಿಂದ ಮುಂದೆ ಎರಡೂವರೆ ವರ್ಷಗಳಲ್ಲಿ, ಕೆಲವನ್ನು ಬಯಸಿ, ಕೆಲವನ್ನು ಅನಿವಾರ್ಯವಾಗಿ, ಒಂದೇ ಭಾಷೆಯನ್ನು ಮೂರು ಬೇರೆ ಬೇರೆ ಕ್ರಮಗಳಲ್ಲಿ ಕಲಿಯಬೇಕಾಯಿತು: ವ್ಯಾಕರಣವನ್ನು ಮೊದಲು ಅರೆದು ಕುಡಿಸುವ ಕ್ರಮ, ಮೊದಲ ದಿನದಿಂದಲೇ ಕತೆ ಓದಿಸುವ ಕ್ರಮ, ಮತ್ತು ಅಥೆನ್ಸಿನ ಗದ್ಯವನ್ನು ಬದಿಗಿಟ್ಟು ನೇರವಾಗಿ ಹೋಮರನಿಂದ ಆರಂಭಿಸುವ ಕ್ರಮ.

ಹೋಲಿಕೆಗೆ ಒಂದು ಅಳತೆಗೋಲು ಬೇಕು. ನಾನು ಇಟ್ಟುಕೊಂಡದ್ದು ತೀರ ಸರಳವಾದದ್ದು: ಅನುವಾದವನ್ನು ಮುಚ್ಚಿಟ್ಟು, ನಿಘಂಟನ್ನು ಮಾತ್ರ ತೆರೆದುಕೊಂಡು, ಒಂದು ಗಂಟೆಯಲ್ಲಿ ಎಷ್ಟು ಸಾಲುಗಳು ಅರ್ಥವಾಗುತ್ತವೆ ಎಂಬುದು. ಇದರ ಜೊತೆಗೆ ಇನ್ನೊಂದನ್ನೂ ಗಮನಿಸತೊಡಗಿದೆ. ಗ್ರೀಕ್ ವಾಕ್ಯಕ್ಕೂ ನನಗೂ ನಡುವೆ ಎಷ್ಟು ಇಂಗ್ಲಿಷ್ ನಿಂತಿದೆ ಎಂಬುದೇ ಅದು. ಈ ಎರಡನೆಯ ಪ್ರಶ್ನೆ ಸಹಪಾಠಿಗಳಿಗೆ ಹುಟ್ಟುವಂಥದ್ದಲ್ಲ, ಏಕೆಂದರೆ ಅವರ ಮನೆಮಾತೇ ಇಂಗ್ಲಿಷ್. ಮೂರನೆಯ ಕ್ರಮಕ್ಕೆ ಬರುವ ಹೊತ್ತಿಗೆ ಮೊದಲೆರಡರ ಫಲ ನನ್ನ ಬೆನ್ನಿಗಿತ್ತು ಎಂಬುದನ್ನು ಈಗಲೇ ಒಪ್ಪಿಕೊಳ್ಳುತ್ತೇನೆ; ಆ ಕೊರತೆಯನ್ನು ತುಂಬುವ ಇನ್ನೊಬ್ಬರ ಅನುಭವ ಕೊನೆಯಲ್ಲಿ ಬರುತ್ತದೆ.

ಪದವಿ ತರಗತಿಗಳು ಆರಂಭವಾಗುವ ಮೊದಲಿನ ಬೇಸಿಗೆಯಲ್ಲಿ ಎಂಟು ವಾರಗಳ ತೀವ್ರ ಶಿಬಿರವೊಂದಕ್ಕೆ ಸೇರಿದೆ. ಅಲ್ಲಿನ ಪಠ್ಯ ಹ್ಯಾನ್ಸನ್ ಮತ್ತು ಕ್ವಿನ್ ಅವರದು. ಇಪ್ಪತ್ತು ಘಟಕಗಳ, ಇಟ್ಟಿಗೆಯಷ್ಟು ದಪ್ಪದ ಈ ಪುಸ್ತಕ ಮೊದಲ ನಾಲ್ಕೈದು ಘಟಕಗಳಲ್ಲೇ ಕ್ರಿಯಾಪದದ ಉಳಿದೆಲ್ಲ ರೂಪಗಳಿಗೆ ಆಧಾರವಾದ ಆರು ಮೂಲರೂಪಗಳನ್ನೂ, ವೇದದ ಲೇಟ್ ಲಕಾರವನ್ನು ನೆನಪಿಸುವ ಸಬ್ಜಂಕ್ಟಿವ್ ಎಂಬ ಸಂಭಾವನಾರೂಪವನ್ನೂ, ಸಂಸ್ಕೃತದ ವಿಧಿಲಿಙ್ಙಿಗೆ ಸಂವಾದಿಯಾದ ಆಪ್ಟೇಟಿವ್ ಎಂಬ ಹಾರೈಕೆಯ ರೂಪವನ್ನೂ ತಲೆಯ ಮೇಲೆ ಸುರಿಯುತ್ತದೆ. ಆರು ಮೂಲರೂಪಗಳೆಂದರೆ ಏನೆಂದು ತೋರಿಸಲು ‘ಹೊರು’ ಎಂಬರ್ಥದ ಕ್ರಿಯಾಪದವೊಂದೇ ಸಾಕು: ಫೆರೋ, ಒಯ್ಸೋ, ಏನೆಂಕೊನ್, ಎನೇನೊಖ, ಎನೇನೆಗ್ಮೈ, ಏನೆಖ್ಥೇನ್. ಬೆಳಗಿನ ಉಪಾಹಾರದ ಮೇಜಿನಲ್ಲಿ ನನ್ನ ಸಹಪಾಠಿಗಳು ಇದನ್ನು ಮಗ್ಗಿಯಂತೆ ಗೊಣಗುತ್ತಿದ್ದರು.

ಸಂಸ್ಕೃತ ಓದಿದ್ದವನಿಗೆ ಇಲ್ಲಿ ದೊಡ್ಡ ಅನುಕೂಲವಿದ್ದುದು ನಿಜ. ಭೂತಕಾಲಕ್ಕೆ ಮುಂದೆ ಹತ್ತುವ ‘ಎ’ ಸಂಸ್ಕೃತದ ಭೂತಕಾಲ ರೂಪಗಳಾದ ಲಙ್, ಲುಙ್‌ಗಳಲ್ಲಿ ಧಾತುವಿನ ಮುಂದೆ ಸೇರುವ ‘ಅ’, ಅಂದರೆ ಅಡಾಗಮವೇ. ‘ಹೊರುತ್ತಿದ್ದನು’ ಎಂಬರ್ಥದ ‘ಎಫೆರೆ’ಯ ಪಕ್ಕದಲ್ಲಿ ‘ಅಭರತ್’ ಇಟ್ಟರೆ ಬೇರೆ ವಿವರಣೆ ಬೇಡ. ದಿದೋಮಿಗೆ (ಕೊಡುತ್ತೇನೆ) ದದಾಮಿ, ತಿಥೇಮಿಗೆ (ಇಡುತ್ತೇನೆ) ದಧಾಮಿ, ‘ಸೂರ್ಯ ಮುಳುಗಿರಲು’ ಎಂಬಂಥ ಸತಿಸಪ್ತಮಿಯ ಕೆಲಸವನ್ನು ಅಲ್ಲಿ ಷಷ್ಠಿ ಮಾಡುತ್ತದೆ ಎಂಬಷ್ಟೇ ವ್ಯತ್ಯಾಸ. ವಾರದ ಪರೀಕ್ಷೆಗಳಲ್ಲಿ ನಾನು ತರಗತಿಯ ಮೊದಲಿಗರಲ್ಲಿದ್ದೆ. ಆದರೆ ಎಂಟನೆಯ ವಾರ ಇತಿಹಾಸಕಾರ ಕ್ಸೆನೊಫೊನ್‌ನ ‘ಅನಾಬಸಿಸ್’ ಗ್ರಂಥದ ಮೊದಲ ಅಧ್ಯಾಯವನ್ನು ಮುಂದಿಟ್ಟಾಗ ಒಂದು ಗಂಟೆಗೆ ನನ್ನಿಂದ ಆದದ್ದು ಆರು ಸಾಲು. ಪ್ರತಿ ಪದದ ವಿಭಕ್ತಿ, ವಚನ, ಲಕಾರಗಳನ್ನು ಹೇಳಬಲ್ಲೆ, ವಾಕ್ಯ ಏನು ಹೇಳುತ್ತಿದೆಯೆಂದು ಮಾತ್ರ ಹೇಳಲಾರೆ! ಶವಪರೀಕ್ಷೆ ಕಲಿತವನಿಗೆ ಮನುಷ್ಯನನ್ನು ಮಾತನಾಡಿಸು ಎಂದಂತಾಗಿತ್ತು ನನ್ನ ಪಾಡು. ಈ ಕ್ರಮದ ಅಭ್ಯಾಸಗಳಲ್ಲಿ ಇಂಗ್ಲಿಷಿನಿಂದ ಗ್ರೀಕಿಗೆ ಅನುವಾದಿಸುವ ವಾಕ್ಯಗಳೂ ಇರುವುದರಿಂದ, ನಾನು ಮೊದಲು ಇಂಗ್ಲಿಷಿನ ಷರತ್ತು ವಾಕ್ಯಗಳ ಸೂಕ್ಷ್ಮಗಳನ್ನು ಬಿಡಿಸಿಕೊಂಡು, ಆಮೇಲೆ ಗ್ರೀಕಿಗೆ ಹೋಗಬೇಕಾಗಿತ್ತು. ಎರಡು ಪರಭಾಷೆಗಳ ನಡುವೆ ಹೀಗೆ ಓಡಾಡುವುದರಲ್ಲೇ ಅರ್ಧ ಶಕ್ತಿ ಸೋರಿಹೋಗುತ್ತಿತ್ತು.

ಪದವಿಯ ಮೊದಲ ವರ್ಷ ನನ್ನನ್ನು ಮತ್ತೆ ಆರಂಭಿಕರ ತರಗತಿಗೇ ಹಾಕಿದರು. ಆಗ ಅವಮಾನವೆನಿಸಿತು, ಈಗ ಅನಿಸುವುದಿಲ್ಲ. ಅಲ್ಲಿ ನಡೆಯುತ್ತಿದ್ದುದು ಬ್ರಿಟನ್ನಿನ ಅಧ್ಯಾಪಕರ ಸಂಘವೊಂದು ರೂಪಿಸಿ ಕೇಂಬ್ರಿಜ್ ಮುದ್ರಣಾಲಯ 1978ರಲ್ಲಿ ಹೊರತಂದ ‘ರೀಡಿಂಗ್ ಗ್ರೀಕ್’ ಪಾಠಕ್ರಮ. ಇದರ ಮೊದಲ ಪಾಠದಲ್ಲೇ ಬೈಜಾಂಟಿಯಮ್ಮಿನ ಬಂದರಿನಲ್ಲಿ ಒಂದು ಹಡಗು ನಿಂತಿರುತ್ತದೆ. ಸರಕಿನ ಮೇಲೆ ಎತ್ತಿದ ಸಾಲವನ್ನು ಮುಳುಗಿಸಲು ಹಡಗನ್ನೇ ಮುಳುಗಿಸ ಹೊರಟ ಇಬ್ಬರು ಠಕ್ಕರು ಅದರಲ್ಲಿ ಇರುತ್ತಾರೆ. ಈ ಕತೆ ಕಟ್ಟುಕತೆಯಲ್ಲ, ಅಥೆನ್ಸಿನ ವಾಗ್ಮಿ ಡೆಮೊಸ್ಥೆನೀಸನ ಹೆಸರಿನಲ್ಲಿ ಉಳಿದಿರುವ ನ್ಯಾಯಾಲಯ ಭಾಷಣವೊಂದರಿಂದ ಎತ್ತಿಕೊಂಡದ್ದು. ಮುಂದೆ ನೆಯೈರಾ ಎಂಬಾಕೆಯ ಮೇಲಿನ ಮೊಕದ್ದಮೆ, ಅರಿಸ್ಟೊಫನೀಸನ ಪ್ರಹಸನಗಳ ತುಣುಕುಗಳು, ಹೆರೊಡೊಟಸ್‌ನ ಒಂದು ಕತೆ, ಕೊನೆಗೆ ಒಡಿಸ್ಸಿಯ ಆರನೆಯ ಸರ್ಗದ ರಾಜಕುಮಾರಿ ನೌಸಿಕಾ, ಹೀಗೆ ಸರಳೀಕೃತ ಪಾಠ ಮೆಲ್ಲಮೆಲ್ಲನೆ ಮೂಲಪಾಠದ ಹತ್ತಿರ ಸರಿಯುತ್ತದೆ.

ಈ ಕ್ರಮದಲ್ಲಿ ನನಗೆ ಮೊದಲ ಬಾರಿಗೆ ಗ್ರೀಕಿನ ಪದಕ್ರಮ ಕನ್ನಡದ ಕಿವಿಗೆ ಅಷ್ಟೇನೂ ದೂರವಲ್ಲವೆಂದು ಅರಿವಾಯಿತು. ‘ಬಂದು, ಕಂಡು, ಸಿಟ್ಟಾಗಿ, ಹೀಗೆಂದನು’ ಎಂದು ನಾವು ಕೃದಂತಗಳನ್ನು ಪೋಣಿಸುವಂತೆಯೇ ಗ್ರೀಕರು ಪಾರ್ಟಿಸಿಪಲ್‌ಗಳನ್ನು ಪೋಣಿಸುತ್ತಾರೆ. ನಮ್ಮ ಅಧ್ಯಾಪಕರು ಪ್ರತಿಯೊಂದನ್ನೂ ಒಡೆದು ‘ಅವನು ಬಂದಾಗ’, ‘ಅವನು ಕಂಡದ್ದರಿಂದ’ ಎಂಬರ್ಥದ ಪೂರ್ಣ ಉಪವಾಕ್ಯಗಳನ್ನಾಗಿಸಲು ಕಲಿಸುತ್ತಿದ್ದರು. ಇಂಗ್ಲಿಷಿಗೆ ಅದು ಅಗತ್ಯ. ನಾನು ನೋಟ್‌ಬುಕ್ಕಿನ ಅಂಚಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳಲು ಆರಂಭಿಸಿದ್ದು ಈ ಕಾರಣಕ್ಕೆ. ‘ಅನಾಬಸಿಸ್’ ಆರಂಭದಲ್ಲಿ ಡೇರಿಯಸ್ ದೊರೆಯ ಇಬ್ಬರು ಮಕ್ಕಳನ್ನು ಹೇಳುವಾಗ ಬರುವ ‘ಮೆನ್’ ಮತ್ತು ‘ದೆ’ ಎಂಬ ಪುಟ್ಟ ಅವ್ಯಯಗಳಿಗೆ ಇಂಗ್ಲಿಷ್ ಪಠ್ಯಗಳು ಕೊಡುವ ಉದ್ದನೆಯ ಪರ್ಯಾಯಗಳನ್ನು ಬಿಟ್ಟು, ‘ದೊಡ್ಡವನೋ ಅರ್ತಕ್ಸೆರ್ಕ್ಸೆಸ್, ಚಿಕ್ಕವನೋ ಕೂರೊಸ್’ ಎಂದು ಬರೆದೊಡನೆ ವಾಕ್ಯದ ತೂಗಾಟ ತಾನಾಗಿ ಬಂದಿತು. ವರ್ಷದ ಕೊನೆಗೆ ಅದೇ ಗ್ರಂಥದ ಇನ್ನೊಂದು ಅಧ್ಯಾಯದಲ್ಲಿ ಗಂಟೆಗೆ ಇಪ್ಪತ್ತು ಸಾಲು ಸಾಗುತ್ತಿದ್ದೆ.

ಇದರ ದೋಷ ವ್ಯಾಕರಣ ಚದುರಿಹೋಗಿರುವುದು. ಪಾಠದ ಸಂಪುಟವೇ ಬೇರೆ, ವ್ಯಾಕರಣದ ಸಂಪುಟವೇ ಬೇರೆ. ಒಂದೇ ಧಾತುವಿನ ರೂಪಗಳು ನೂರಾರು ಪುಟಗಳ ಅಂತರದಲ್ಲಿ ಬಿಡಿಬಿಡಿಯಾಗಿ ಸಿಗುತ್ತವೆ. ಬೇಸಿಗೆಯ ಇಟ್ಟಿಗೆ ಪುಸ್ತಕ ನನ್ನ ಬಳಿ ಇರದಿದ್ದರೆ ನಾನೂ ಕೆಲವು ಸಹಪಾಠಿಗಳಂತೆ ಊಹೆಯಲ್ಲೇ ಓದುತ್ತ, ಕತೆ ತಿಳಿದಿದೆಯೆಂಬ ಧೈರ್ಯದಲ್ಲಿ ವಿಭಕ್ತಿಗಳನ್ನು ನುಂಗಿಬಿಡುತ್ತಿದ್ದೆ.

ಮೂರನೆಯದು ಪಠ್ಯಕ್ರಮದ ಹೊರಗಿನದು. ಎರಡನೆಯ ವರ್ಷ ಗುರುವಾರ ಸಂಜೆಗಳಲ್ಲಿ ನಿವೃತ್ತ ಅಧ್ಯಾಪಕರೊಬ್ಬರು ನಾಲ್ಕು ಜನರನ್ನು ಕೂಡಿಸಿಕೊಂಡು ಕ್ಲೈಡ್ ಫಾರ್ ಅವರ 1920ರ ‘ಹೋಮರಿಕ್ ಗ್ರೀಕ್’ ಪುಸ್ತಕವನ್ನು ಮೊದಲಿಂದ ಪಾಠ ಮಾಡುತ್ತಿದ್ದರು. ಗ್ರೀಕ್ ಸಾಹಿತ್ಯ ಹೋಮರನಿಂದ ಆರಂಭವಾಗುವುದಾದರೆ ಗ್ರೀಕ್ ಪಾಠ ಏಕೆ ಆಗಬಾರದು ಎಂಬುದು ಈ ಪುಸ್ತಕದ ವಾದ. ಹತ್ತು ಹನ್ನೆರಡು ಪಾಠಗಳ ಪೂರ್ವಸಿದ್ಧತೆಯ ನಂತರ ನೇರವಾಗಿ ಇಲಿಯಡ್‌ನ ಮೊದಲ ಸರ್ಗ ಸ್ವಲ್ಪ ಸ್ವಲ್ಪವಾಗಿ ಬರುತ್ತದೆ. ಒಟ್ಟು 611 ಸಾಲುಗಳು.

ಇಲ್ಲಿ ನನ್ನ ಕೈ ಹಿಡಿದದ್ದು ಸಂಸ್ಕೃತವಲ್ಲ, ಹೈಸ್ಕೂಲಿನ ಕನ್ನಡ ಮೇಷ್ಟ್ರು ಕಲಿಸಿದ ಛಂದಸ್ಸು. ಹೋಮರನ ಹೆಕ್ಸಾಮೀಟರ್ ಸಾಲಿನಲ್ಲಿ ಆರು ಗಣಗಳು. ಪ್ರತಿ ಗಣವೂ ಒಂದು ಗುರು ಎರಡು ಲಘು, ಅಂದರೆ ನಮ್ಮ ಭಗಣ, ಇಲ್ಲವೇ ಎರಡು ಗುರು. ಯಾವ ಪಕ್ಷದಲ್ಲೂ ನಾಲ್ಕು ಮಾತ್ರೆ. ಕಂದಪದ್ಯಕ್ಕೆ ಪ್ರಸ್ತಾರ ಹಾಕಿದ ಕೈಗೆ ಇದು ಹೊಸದಲ್ಲ. ಇಲಿಯಡ್‌ನ ಮೊದಲ ಸಾಲನ್ನು ಕನ್ನಡ ಲಿಪಿಯಲ್ಲಿ ಹೀಗೆ ಒಡೆದು ಬರೆದು ತೋರಿಸಿದಾಗ ಅಧ್ಯಾಪಕರು ಆ ಹಾಳೆಯನ್ನು ಕೇಳಿ ಇಟ್ಟುಕೊಂಡರು: ಮೇನಿನ | ಎಯ್ದೆಥೆ | ಆಪೇ | ಲೇಇಅ | ದ್ಯೋಅಖಿ | ಲೇಒಸ್. ಎಣಿಸಿ ನೋಡಿ, ಎಲ್ಲಿಯೂ ನಾಲ್ಕು ಮಾತ್ರೆ ತಪ್ಪುವುದಿಲ್ಲ. ಎ-ಏ, ಒ-ಓ ಎಂಬ ಹ್ರಸ್ವ ದೀರ್ಘಗಳನ್ನು ಬೇರೆ ಬೇರೆ ಅಕ್ಷರಗಳಲ್ಲಿ ತೋರಿಸುವ ಸೌಲಭ್ಯ ಗ್ರೀಕಿಗೂ ಕನ್ನಡಕ್ಕೂ ಇದೆ, ಸಂಸ್ಕೃತಕ್ಕಿಲ್ಲ. ಥ, ಫ, ಖ ಎಂಬ ಮಹಾಪ್ರಾಣಗಳೂ ಪ್ರಾಚೀನ ಅಥೆನ್ಸಿನ ಉಚ್ಚಾರಣೆಯಲ್ಲಿ ಇದ್ದುವು. ತರಗತಿಯಲ್ಲಿ ಎಲ್ಲರೂ ಅವನ್ನು ಇಂಗ್ಲಿಷಿನ ಧ್ವನಿಗಳಿಗೆ ಇಳಿಸಿ ಓದುತ್ತಿದ್ದರು. ಆದರೆ ಈ ವಿಷಯದಲ್ಲಿ ಕನ್ನಡಿಗರು ಬೀಗುವಂತಿಲ್ಲ, ‘ಫಲ’ದ ಫಕಾರವನ್ನು ನಾವೂ ಇಂಗ್ಲಿಷಿಗೆ ಒಪ್ಪಿಸಿ ಬಹಳ ಕಾಲವಾಯಿತು.

ಛಂದಸ್ಸಿಗಿಂತ ದೊಡ್ಡ ಲಾಭ ಇನ್ನೊಂದು ಕಡೆ ಆಯಿತು. ಗ್ರೀಕ್ ಕ್ರಿಯಾಪದಕ್ಕೆ ಕರ್ತರಿ, ಕರ್ಮಣಿಗಳಲ್ಲದೆ ‘ಮಿಡಲ್’ ಎಂಬ ಮೂರನೆಯ ಪ್ರಯೋಗವಿದೆ. ಹ್ಯಾನ್ಸನ್-ಕ್ವಿನ್ ಅದನ್ನು ನಿಯಮವಾಗಿ ಕಲಿಸಿದರು, ನಾನು ಅದನ್ನು ಸಂಸ್ಕೃತದ ಆತ್ಮನೇಪದವೆಂದು ಗುರುತು ಹಾಕಿಕೊಂಡು ಸುಮ್ಮನಾದೆ. ಅದು ಅರ್ಥವಾದದ್ದು ಇಲಿಯಡ್‌ನ ಹದಿಮೂರನೆಯ ಸಾಲಿನಲ್ಲಿ. ಸೆರೆಸಿಕ್ಕ ಮಗಳಿಗಾಗಿ ಕ್ರೂಸೇಸ್ ಎಂಬ ಪೂಜಾರಿ ಒತ್ತೆಹಣದೊಂದಿಗೆ ಗ್ರೀಕರ ಹಡಗುಗಳ ಬಳಿಗೆ ಬರುತ್ತಾನೆ. ಏಕೆ ಬಂದನೆಂದು ಹೇಳುವ ಪದ ‘ಲೂಸೊಮೆನೊಸ್’, ಮಿಡಲ್ ಪ್ರಯೋಗ. ಏಳೇ ಸಾಲುಗಳ ನಂತರ ಅವನು ಬಾಯಿ ತೆರೆದು ಗ್ರೀಕರನ್ನು ಬೇಡುವಾಗ ಅದೇ ಧಾತು ‘ಲೂಸೈತೆ’ ಎಂದು ಕರ್ತರಿಗೆ ತಿರುಗುತ್ತದೆ. ಇಂಗ್ಲಿಷ್ ಟಿಪ್ಪಣಿ ಇದಕ್ಕೆ ಎರಡು ಬೇರೆ ಕ್ರಿಯಾಪದಗಳನ್ನು ಕೊಟ್ಟು, ಕೆಳಗೆ ವಿವರಣೆಯನ್ನೂ ಕೊಟ್ಟಿತ್ತು. ಕನ್ನಡದಲ್ಲಿ ವಿವರಣೆಯೇ ಬೇಕಿಲ್ಲ: ಅಪ್ಪ ಬಂದದ್ದು ಮಗಳನ್ನು ‘ಬಿಡಿಸಿಕೊಳ್ಳಲು’, ಅವನು ಕೇಳಿದ್ದು ‘ಬಿಡಿ’ ಎಂದು. ನಮ್ಮ ‘ಕೊಳ್ಳು’ ಮಾಡುವ ಕೆಲಸವನ್ನು ಗ್ರೀಕಿನ ಪ್ರತ್ಯಯ ಮಾಡುತ್ತದೆ. ತೊಳೆಯುವುದಕ್ಕೂ ತೊಳೆದುಕೊಳ್ಳುವುದಕ್ಕೂ ಇರುವ ಭೇದವನ್ನು ಮಾತು ಕಲಿಯುವಾಗಲೇ ಕಲಿತಿದ್ದ ನಾನು ಎರಡು ವರ್ಷ ಅದನ್ನು ಇಂಗ್ಲಿಷಿನ ಕೋಷ್ಟಕದಲ್ಲಿ ಹುಡುಕುತ್ತಿದ್ದೆ.

ಹೋಮರ್ ಮೊದಲು ಎಂಬ ಕ್ರಮಕ್ಕೆ ಬೆಲೆಯೂ ತೆರಬೇಕಾಗುತ್ತದೆ. ಆ ವರ್ಷದ ಪರೀಕ್ಷೆಯಲ್ಲಿ ಅಥೆನ್ಸಿನ ಗದ್ಯಕ್ಕೆ ಅನುವಾದಿಸುವ ಪ್ರಶ್ನೆಯಲ್ಲಿ ನದಿಯ ಷಷ್ಠಿಯನ್ನು ‘ಪೊತಮೂ’ ಎಂದು ಬರೆಯಬೇಕಾದಲ್ಲಿ ಕಿವಿಯಲ್ಲಿ ಕುಳಿತಿದ್ದ ಹೋಮರನ ‘ಪೊತಮೊಯೊ’ ಎಂದು ಬರೆದೆ. ಎರಡು ಕಡೆ ಭೂತಕಾಲದ ಆಗಮವನ್ನೂ ಅವನಂತೆಯೇ ಕೈಬಿಟ್ಟೆ. ಹಳಗನ್ನಡದಲ್ಲಿ ಅರ್ಜಿ ಬರೆದಂತಾಯಿತು. ಅಂಕಗಳು ಹೋದವು, ಹೋಗಬೇಕಾದದ್ದೇ.

ಮೊದಲೇ ಹೇಳಿದ ಇನ್ನೊಬ್ಬರ ಅನುಭವ ಧಾರವಾಡದ ಗೆಳತಿಯೊಬ್ಬರದು. ಅವರು ಕನ್ನಡ ಎಂ.ಎ., ಸಂಸ್ಕೃತ ಓದಿದವರಲ್ಲ. ನನ್ನ ಮಾತು ಕೇಳಿ ಮನೆಯಲ್ಲೇ ಫಾರ್ ಪುಸ್ತಕದಿಂದ ಆರಂಭಿಸಿ, ವಾರಕ್ಕೊಮ್ಮೆ ವಿಡಿಯೊ ಕರೆಯಲ್ಲಿ ನನಗೆ ಪಾಠ ಒಪ್ಪಿಸುತ್ತಿದ್ದರು. ವಿಭಕ್ತಿ ಕೋಷ್ಟಕಗಳಲ್ಲಿ ನನಗಿಂತ ಹೆಚ್ಚು ಕಷ್ಟಪಟ್ಟರು, ದ್ವಿವಚನವೆಂದರೆ ಸಿಡುಕುತ್ತಿದ್ದರು. ಆದರೂ ಒಂದು ವರ್ಷದಲ್ಲಿ ಮೊದಲ ಸರ್ಗವನ್ನು ಪೂರ್ತಿ ಮುಗಿಸಿ, ಅದರ ಸುಮಾರು ನೂರು ಸಾಲುಗಳನ್ನು ಬಾಯಲ್ಲಿಟ್ಟುಕೊಂಡಿದ್ದಾರೆ. ಇಷ್ಟೇ ಕಾಲದಲ್ಲಿ ಹ್ಯಾನ್ಸನ್-ಕ್ವಿನ್ ಶಿಬಿರದ ನನ್ನ ಜೊತೆಗಾರರಲ್ಲಿ ಅರ್ಧದಷ್ಟು ಜನ ಗ್ರೀಕನ್ನು ಬಿಟ್ಟಿದ್ದರು.

ನಿಘಂಟುಗಳ ಹೋಲಿಕೆಯನ್ನು ಎರಡು ಮಾತಿನಲ್ಲಿ ಮುಗಿಸಬಹುದು. 1843ರಲ್ಲಿ ಮೊದಲು ಬಂದು 1940ರಲ್ಲಿ ಒಂಬತ್ತನೆಯ ಪರಿಷ್ಕರಣ ಮುಗಿಸಿದ ಲಿಡೆಲ್-ಸ್ಕಾಟ್ ಸಂಶೋಧಕರಿಗೆ ಇಂದಿಗೂ ಅನಿವಾರ್ಯ, ಏಕೆಂದರೆ ಪದ ಎಲ್ಲೆಲ್ಲಿ ಬಂದಿದೆಯೆಂದು ಕೃತಿ ಮತ್ತು ಸಾಲಿನ ಸಮೇತ ಹೇಳುತ್ತದೆ. 2021ರಲ್ಲಿ ಎರಡು ಸಂಪುಟಗಳಲ್ಲಿ ಬಂದ ಕೇಂಬ್ರಿಜ್ ನಿಘಂಟು ಸಾಲಿನ ಉಲ್ಲೇಖ ಕೊಡುವುದಿಲ್ಲ, ಲೇಖಕನ ಹೆಸರನ್ನಷ್ಟೇ ಸೂಚಿಸುತ್ತದೆ. ಆದರೆ ಅರ್ಥಗಳನ್ನು ಕವಲು ಕವಲಾಗಿ ಬಿಡಿಸಿ ಇಂದಿನ ಇಂಗ್ಲಿಷಿನಲ್ಲಿ ಕೊಡುತ್ತದೆ. ವಿಕ್ಟೋರಿಯಾ ಕಾಲದ ಇಂಗ್ಲಿಷನ್ನು ತಿಳಿಯಲು ಮತ್ತೊಂದು ನಿಘಂಟು ಹುಡುಕುವ ನನ್ನಂಥವರಿಗೆ ಎರಡನೆಯದೇ ಲೇಸು. ಪಠ್ಯಗಳಲ್ಲಿ 1912ರಿಂದ ಬರುತ್ತಿರುವ, ಎದುರು ಪುಟದಲ್ಲೇ ಅನುವಾದವಿರುವ ಹಸಿರು ರಟ್ಟಿನ ಲೋಬ್ ಮಾಲೆ ಅಗ್ಗವಲ್ಲದಿದ್ದರೂ ಸುಲಭ. ಆ ಸುಲಭವೇ ಅಪಾಯ: ಕಣ್ಣು ತಾನಾಗಿ ಬಲಪುಟಕ್ಕೆ ಜಾರುತ್ತದೆ. ನಾನು ಬಲಪುಟದ ಮೇಲೆ ಒಂದು ಪೋಸ್ಟ್‌ಕಾರ್ಡ್ ಇಟ್ಟು ಓದುತ್ತೇನೆ.

ಈಗ ಊರಿನಿಂದ ಯಾರಾದರೂ ಯಾವುದರಿಂದ ಆರಂಭಿಸಲಿ ಎಂದು ಕೇಳಿದರೆ, ಸೇರುವ ಮೊದಲು ಆರು ತಿಂಗಳು ಬಿಡುವಿದ್ದವರಿಗೆ ಹೋಮರನನ್ನೂ, ತರಗತಿ ಆರಂಭವಾಗಿಬಿಟ್ಟವರಿಗೆ ‘ರೀಡಿಂಗ್ ಗ್ರೀಕ್’ ಅನ್ನೂ ಹೇಳುತ್ತೇನೆ. ಎರಡರಲ್ಲಿಯೂ ಅಂಚಿನ ಟಿಪ್ಪಣಿ ಕನ್ನಡದಲ್ಲಿರಲಿ ಎನ್ನುತ್ತೇನೆ. ಹ್ಯಾನ್ಸನ್-ಕ್ವಿನ್ ಮಾತ್ರ ಇಂದಿಗೂ ನನ್ನ ಮೇಜಿನ ಮೇಲಿದೆ. ಕಳೆದ ತಿಂಗಳು ‘ಅಜಾಕ್ಸ್’ ನಾಟಕದ ಮೊದಲ ನೂರು ಸಾಲು ಓದುವಾಗ ಅದನ್ನು ಹನ್ನೊಂದು ಬಾರಿ ತೆರೆದೆ, ಅದರಲ್ಲಿ ಒಂಬತ್ತು ಬಾರಿ ದಿದೋಮಿಯಂಥ ಅದೇ ‘-ಮಿ’ ಧಾತುಗಳ ಕೋಷ್ಟಕಕ್ಕಾಗಿ.