ಲಾಳವೋ ಬರಿಗಾಲೋ: ಎರಡು ಕುದುರೆ, ಎರಡು ವರ್ಷ

ನನ್ನ ಹತ್ತಿರ ಸವಾರಿಗೆ ಎರಡು ಕುದುರೆಗಳಿವೆ. ರೇಸ್ ಬಿಟ್ಟು ಬಂದ ಥರೋಬ್ರೆಡ್ ಹೆಣ್ಣು ಮಲ್ಲಿ, ಮಾರ್ವಾಡಿ ತಳಿಯ ಗಂಡು ಕೆಂಚ. ಇರುವುದು ಮೈಸೂರಿನ ಹೊರಗೆ, ಚಾಮುಂಡಿ ಬೆಟ್ಟದ ಆಚೆ ಬದಿಯಲ್ಲಿ. ಕೆಂಪು ಮಣ್ಣು, ಅದರ ತುಂಬ ಚೂಪು ಬೆಣಚುಕಲ್ಲು, ಜಮೀನು ದಾಟಿದರೆ ಎರಡು ಕಿಲೋಮೀಟರ್ ಡಾಂಬರು ರಸ್ತೆ. ಬಂದಾಗ ಎರಡಕ್ಕೂ ನಾಲ್ಕು ಕಾಲಿಗೂ ಲಾಳ ಇತ್ತು. ಎರಡು ವರ್ಷದ ಹಿಂದೆ ಒಂದೇ ದಿನ ಎರಡರದನ್ನೂ ಬಿಚ್ಚಿಸಿದೆ. ಹಾಗೆ ಒಟ್ಟಿಗೆ ಬಿಚ್ಚಿಸಿದ್ದು ತಪ್ಪು.

ಬರಿಗಾಲಿನ ಮೇಲೆ ನನಗೆ ನಂಬಿಕೆ ಬಂದದ್ದಕ್ಕೆ ಕಾರಣ ಇತ್ತು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸ್ವೀಡನ್ ತಂಡ ಜಂಪಿಂಗ್ ಚಿನ್ನ ಗೆದ್ದಿತು. ಅದರ ಮೂರು ಕುದುರೆಗಳಲ್ಲಿ ಎರಡು, ಆಲ್ ಇನ್ ಮತ್ತು ಕಿಂಗ್ ಎಡ್ವರ್ಡ್, ಲಾಳವಿಲ್ಲದೆ ಹಾರಿದವು. ಗೊರಸು ಕಲ್ಲಿನಂಥ ಜಡ ವಸ್ತುವಲ್ಲ. ಭಾರ ಬಿದ್ದಾಗ ಹಿಮ್ಮಡಿ ಅಗಲಿಸುತ್ತದೆ, ತಳದ ನಡುವಿನ ತ್ರಿಕೋನದ ಮೆತ್ತೆ, ಫ್ರಾಗ್ ಅನ್ನುತ್ತಾರಲ್ಲ, ಅದು ನೆಲಕ್ಕೆ ಒತ್ತಿ ಏಟನ್ನು ಹೀರಿಕೊಳ್ಳುತ್ತದೆ. ಮೊಳೆ ಹೊಡೆದ ಕಬ್ಬಿಣ ಆ ಅಗಲಿಸುವಿಕೆಯನ್ನು ಕಟ್ಟಿಹಾಕುತ್ತದೆ.

ನಮ್ಮಲ್ಲಿಗೆ ಬರುವ ಲಾಳದ ಅಜ್ಜ ಟಾಂಗಾ ಕುದುರೆಗಳ ನಡುವೆ ಬೆಳೆದವರು. ಅವರ ತಂದೆ ಎತ್ತುಗಳನ್ನು ಹಗ್ಗ ಹಾಕಿ ಕೆಡವಿ, ಸೀಳು ಗೊರಸಿಗೆ ಎರಡೆರಡು ಬಿಲ್ಲೆ ಹೊಡೆಯುತ್ತಿದ್ದರಂತೆ. ಅಂದು ಅಜ್ಜ ಕೆಂಚನ ಮುಂಗಾಲನ್ನು ತೊಡೆಯ ನಡುವೆ ಇಟ್ಟುಕೊಂಡು ಮೊಳೆಗಳನ್ನು ಒಂದೊಂದಾಗಿ ಕಿತ್ತರು, ತಳಕ್ಕೆ ಹೆಬ್ಬೆರಳು ಒತ್ತಿದರು. ಬಗ್ಗಲಿಲ್ಲ. ಮಲ್ಲಿಯದಕ್ಕೂ ಒತ್ತಿದರು. ತಳ ಸಣ್ಣಗೆ ಒಳಗೆ ಹೋಗಿ ವಾಪಸ್ ಬಂತು. "ಅಮ್ಮಾ, ಅವನದು ಗಟ್ಟಿ ಐತೆ, ಬಿಡಿ. ಇವಳದು ಹಪ್ಪಳ. ಇವಳಿಗೆ ಬ್ಯಾಡ" ಅಂದರು. ನಾನು ಕೇಳಲಿಲ್ಲ.

ಕೆಂಚನ ಕಥೆ ಬೇಗ ಮುಗಿಯುತ್ತದೆ. ಮೂರು ವಾರ ಕಲ್ಲಿನ ಮೇಲೆ ಹುಷಾರಾಗಿ ಕಾಲಿಟ್ಟ, ಎರಡು ತಿಂಗಳಿಗೆ ಬೆಣಚುಕಲ್ಲಿನ ಮೇಲೇ ದುಡುಕಿ ನಡೆದ. ಹಳೆಯ ಮೊಳೆ ತೂತುಗಳಿದ್ದ ಅಂಚು ಉದುರಿದಾಗ ನೋಡಲು ಭಯವಾಗುತ್ತಿತ್ತು. ಆದರೆ ಗೊರಸು ತಿಂಗಳಿಗೆ ಹೆಚ್ಚು ಕಡಿಮೆ 8 ಮಿಲಿಮೀಟರ್ ಬೆಳೆಯುತ್ತದೆ, ಕೂದಲಂಚಿನಿಂದ ತುದಿಯವರೆಗೆ ಹೊಸದು ಇಳಿಯಲು 9ರಿಂದ 12 ತಿಂಗಳು ಬೇಕು. ಅಷ್ಟರಲ್ಲಿ ಅವನ ಹಿಮ್ಮಡಿ ಅಗಲವಾಯಿತು, ಒಣಗಿ ಮುದುಡಿದ್ದ ಫ್ರಾಗ್ ತುಂಬಿಕೊಂಡಿತು. ಲಾಳ ಇದ್ದಾಗ ಡಾಂಬರಿನ ಇಳಿಜಾರಿನಲ್ಲಿ ಜಾರುತ್ತಿದ್ದವನು ಈಗ ಮಳೆಯಲ್ಲೂ ಹಿಡಿದು ನಡೆಯುತ್ತಾನೆ. ಹದಿನೈದು ದಿನಕ್ಕೊಮ್ಮೆ ನಾನೇ ಅರ ಹಿಡಿದು ಅಂಚು ಉಜ್ಜುತ್ತೇನೆ, ಅಜ್ಜ ಬಂದಾಗ ತಿದ್ದುತ್ತಾರೆ.

ಮಲ್ಲಿ ನಾಲ್ಕು ತಿಂಗಳಾದರೂ ಕಲ್ಲು ಕಂಡರೆ ಕತ್ತು ತಗ್ಗಿಸಿ, ಹೆಜ್ಜೆ ಕಿರಿದು ಮಾಡಿ, ರಸ್ತೆಯಂಚಿನ ಹುಲ್ಲಿಗೆ ಎಳೆಯುತ್ತಿದ್ದಳು. ಹೊಂದಿಕೊಳ್ಳುತ್ತಾಳೆ, ಇನ್ನೊಂದು ತಿಂಗಳು ಅಂತ ನಾನು ಮುಂದೂಡುತ್ತಲೇ ಇದ್ದೆ. ಜುಲೈ ಮಳೆಗೆ ತಳ ಮೆತ್ತಗಾಯಿತು. ಒಂದು ಬೆಳಗ್ಗೆ ಬಲ ಮುಂಗಾಲನ್ನು ನೆಲಕ್ಕೆ ಊರಲೇ ಇಲ್ಲ. ಗೊರಸು ಕಾಯ್ದ ಹಂಚಿನಂತೆ ಬಿಸಿ, ಗೊರಸಿಗಿಂತ ಮೇಲೆ ಕಾಲಿನಲ್ಲಿ ನಾಡಿ ಕೈಗೆ ಹೊಡೆಯುತ್ತಿತ್ತು. ಕಲ್ಲೇಟಿನಿಂದ ಒಳಗೆ ಕೀವಾಗಿತ್ತು. ವೈದ್ಯರು ತಳ ಕೆತ್ತಿದಾಗ ಕಪ್ಪು ನೀರು ಚಿಮ್ಮಿತು. ಮೂರು ವಾರ ಎಪ್ಸಮ್ ಉಪ್ಪಿನ ನೀರು, ಪಟ್ಟಿ, ಲಾಯದಲ್ಲೇ ವಾಸ. ಅವಳು ನಾಲ್ಕು ತಿಂಗಳಿನಿಂದ ಹೇಳುತ್ತಿದ್ದದ್ದನ್ನು ನಾನು ಕೇಳಿಸಿಕೊಂಡಿರಲಿಲ್ಲ. ಇದನ್ನು ಬರೆಯುವುದೇ ಅದಕ್ಕಾಗಿ.

ನಡುವೆ ಗೊರಸಿನ ಬೂಟನ್ನೂ ನೋಡಿದೆ. ರಸ್ತೆಗೆ ಚೆನ್ನಾಗಿತ್ತು, ಮಲ್ಲಿ ಆರಾಮಾಗಿ ನಡೆದಳು. ಗದ್ದೆ ಬದಿಯ ಜಿಗುಟು ಕೆಸರಿನಲ್ಲಿ ಮಾತ್ರ ಕಿತ್ತು ಬರುತ್ತಿತ್ತು, ಹಿಮ್ಮಡಿಯ ಮೇಲೆ ಚರ್ಮ ಉಜ್ಜಿ ಗಾಯ ಮಾಡುತ್ತಿತ್ತು. ದಿನಾ ಒಂದರ್ಧ ಗಂಟೆ ಸವಾರಿ ಮಾಡುವವರಿಗೆ ಸಾಕು, ನನಗೆ ಸಾಲಲಿಲ್ಲ.

ಈಗ ಮಲ್ಲಿಗೆ ಮುಂಗಾಲಿಗೆ ಮಾತ್ರ ಲಾಳ, ಹಿಂದಿನವು ಬರಿ. ಮೈಭಾರದಲ್ಲಿ ನೂರಕ್ಕೆ 60ರಷ್ಟು ಮುಂಗಾಲಿನ ಮೇಲೇ ಬೀಳುತ್ತದೆ. ಲಾಳ ಕಟ್ಟಿದ ಮರುದಿನವೇ ಅವಳು ಬೆಣಚುಕಲ್ಲಿನ ಮೇಲೆ ತಲೆ ಎತ್ತಿ ನಡೆದಳು. ಆ ನಡಿಗೆ ನೋಡಿ ನನ್ನ ವಾದಗಳೆಲ್ಲ ಅಲ್ಲಿಗೇ ನಿಂತವು. ಲಾಳಕ್ಕೂ ಕಾಟ ಇದೆ. ಆರು ವಾರಕ್ಕೆ ತಪ್ಪದೆ ಬಿಚ್ಚಿ ತಿದ್ದಿ ಮತ್ತೆ ಹೊಡೆಯಬೇಕು. ಒಮ್ಮೆ ಅಜ್ಜನಿಗೆ ಹುಷಾರಿಲ್ಲದೆ ಎಂಟು ವಾರವಾದಾಗ ಮೊಳೆ ಸಡಿಲಿ, ಲಾಳ ಎರಡು ಬೆರಳಗಲ ಗೊರಸಿನ ಚೂರನ್ನೂ ಕಿತ್ತುಕೊಂಡು ಹೋಯಿತು.

ಮೇವಿನದು ಇನ್ನೊಂದು ಮಾತು. ಮಲ್ಲಿಗೆ ರೇಸಿನ ಅಭ್ಯಾಸದ ಓಟ್ಸ್ ಧಾರಾಳವಾಗಿ ಹೋಗುತ್ತಿತ್ತು, ಸಂಜೆ ಕೈತುಂಬ ಬೆಲ್ಲ ಬೇರೆ. ಸಿಹಿ, ಪಿಷ್ಟ ಹೆಚ್ಚಾದರೆ ಗೊರಸಿನ ಒಳಗಿನ ಹಿಡಿತ ಸಡಿಲವಾಗುತ್ತದೆ. ಬೆಲ್ಲ ನಿಲ್ಲಿಸಿದೆ, ಓಟ್ಸ್ ಅರ್ಧ ಮಾಡಿದೆ, ಒಣಹುಲ್ಲು ಹೆಚ್ಚಿಸಿ ಬೇಯಿಸಿದ ಹುರುಳಿ ಸ್ವಲ್ಪ ಇಟ್ಟೆ. ಲಾಳ ಬಿಚ್ಚುವ ಆರು ತಿಂಗಳ ಮೊದಲೇ ಇದನ್ನು ಮಾಡಿದ್ದರೆ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ.

ಕ್ರಿ.ಪೂ. 4ನೇ ಶತಮಾನದ ಗ್ರೀಕ್ ಸವಾರ ಕ್ಸೆನೊಫೋನ್, ಕುದುರೆ ನಿಲ್ಲುವ ಜಾಗಕ್ಕೆ ಉರುಟು ಕಲ್ಲು ಹಾಸಿ ಗೊರಸು ಗಟ್ಟಿಮಾಡಿ ಎಂದು ಬರೆದಿದ್ದ. ಆ ಕಾಲದವರಿಗೆ ಮೊಳೆಯ ಲಾಳ ಇರಲಿಲ್ಲ. ನಾನೂ ನೀರಿನ ತೊಟ್ಟಿಯ ಸುತ್ತ ಹೊಳೆಗಲ್ಲು ಹಾಸಿದ್ದೇನೆ. ಮಲ್ಲಿ ನೀರು ಕುಡಿದ ಮೇಲೂ ಅಲ್ಲೇ ನಿಂತಿರುತ್ತಾಳೆ. ಹೋದ ವಾರ ಅಜ್ಜ ಲಾಳ ಬದಲಿಸುವಾಗ ತಳಕ್ಕೆ ಹೆಬ್ಬೆರಳು ಒತ್ತಿದರು. ಬಗ್ಗಲಿಲ್ಲ. ಇನ್ನೊಮ್ಮೆ ಒತ್ತಿ ನೋಡಿ, "ಡಿಸೆಂಬರ್ ಬರಲಿ, ನೆಲ ಒಣಗಲಿ, ನೋಡಾಣ" ಅಂದರು. ಬಿಚ್ಚಿದ ಮೇಲೆ ಅವಳು ಮತ್ತೆ ಹುಲ್ಲಿನಂಚಿಗೆ ಎಳೆದರೆ ಅದೇ ವಾರ ವಾಪಸ್ ಕಟ್ಟಿಸುತ್ತೇನೆ.