ಹೀಟ್ ಪಂಪ್ ಗ್ಯಾಸ್ ಚೆಕ್: ತೂಕನಾ, ಸಬ್‌ಕೂಲಿಂಗಾ, ಸೂಪರ್‌ಹೀಟಾ?

ಅಮೆರಿಕದಲ್ಲಿ ಮನೆ ತಗೊಂಡಿರೋರು ಹೀಟ್ ಪಂಪಲ್ಲಿ (ಮನೆ ತಂಪೂ ಮಾಡೋ, ಬಿಸಿನೂ ಮಾಡೋ ಎಸಿ) ಗ್ಯಾಸ್ ಸರಿಯಾಗಿ ಇದ್ಯಾ ಅಂತ ಈ ಮೂರರಲ್ಲಿ ಯಾವ್ದ್ರಿಂದ ನೋಡೋದು ಅಂತ ಕೇಳ್ತಾನೇ ಇರ್ತಾರೆ. ಮೊದಲು ನೋಡ್ಬೇಕಾಗಿರೋದು ಒಳಗಡೆ ಯೂನಿಟ್‌ನಲ್ಲಿ ಎಕ್ಸ್‌ಪಾನ್ಷನ್ ವಾಲ್ವ್ (ಗ್ಯಾಸ್ ಹರಿವನ್ನ ತಾನೇ ಹೆಚ್ಚು ಕಮ್ಮಿ ಮಾಡೋ ವಾಲ್ವ್) ಇದ್ಯಾ ಇಲ್ವಾ ಅಂತ.

ವಾಲ್ವ್ ಇದ್ರೆ ಬೇಸಿಗೇಲಿ ಸಬ್‌ಕೂಲಿಂಗೇ ಸಲೀಸು, ಅಂದ್ರೆ ದ್ರವ ಆದ್ಮೇಲೆ ಗ್ಯಾಸ್ ಇನ್ನೆಷ್ಟು ಡಿಗ್ರಿ ತಣ್ಣಗಾಗಿದೆ ಅನ್ನೋದು, ಒತ್ತಡ ತೋರ್ಸೋ ಗೇಜು, ಒಂದು ಪೈಪ್ ಥರ್ಮಾಮೀಟರು ಸಾಕು. ಆರ್-410ಎ ಅನ್ನೋ ಗ್ಯಾಸ್ ಇರೋ ಯೂನಿಟ್‌ನ ಲಿಕ್ವಿಡ್ ಲೈನಲ್ಲಿ (ದ್ರವ ಹರಿಯೋ ಪೈಪಲ್ಲಿ) 340 ಪಿಎಸ್‌ಐ ತೋರಿಸ್ತು ಅನ್ಕೊಳಿ, ಅದಕ್ಕೆ ಸ್ಯಾಚುರೇಷನ್ ಟೆಂಪರೇಚರ್ (ಆ ಒತ್ತಡದಲ್ಲಿ ಗ್ಯಾಸ್ ದ್ರವ ಆಗೋ ಬಿಸಿ) ಸುಮಾರು 105 ಡಿಗ್ರಿ ಫ್ಯಾರನ್‌ಹೀಟ್, ಥರ್ಮಾಮೀಟರನ್ನ ಪೈಪಿಗೆ ಮುಟ್ಟಿಸಿದ್ರೆ 95 ಬಂತು ಅಂದ್ರೆ ಸಬ್‌ಕೂಲಿಂಗ್ 10, ಇದನ್ನ ಹೊರಗಿನ ಯೂನಿಟ್‌ನ ನೇಮ್‌ಪ್ಲೇಟಲ್ಲಿರೋ ನಂಬರ್ ಜೊತೆ ಹೋಲಿಸಿ, ಕಮ್ಮಿ ಇದ್ರೆ ಸ್ವಲ್ಪ ಹಾಕಿ ಹತ್ತು ಹದಿನೈದು ನಿಮಿಷ ಓಡಕ್ಕೆ ಬಿಟ್ಟು ಮತ್ತೆ ನೋಡ್ಬೇಕು.

ವಾಲ್ವ್ ಬದಲು ಹಳೇ ಫಿಕ್ಸೆಡ್ ಪಿಸ್ಟನ್ (ಅಳತೆ ಬದಲಾಗದ ತೂತು) ಇದ್ರೆ ಸೂಪರ್‌ಹೀಟು, ಅಂದ್ರೆ ಆವಿ ಆದ್ಮೇಲೆ ಗ್ಯಾಸ್ ಇನ್ನೆಷ್ಟು ಡಿಗ್ರಿ ಬಿಸಿಯಾಗಿದೆ ಅನ್ನೋದು, ಆದ್ರೆ ಟಾರ್ಗೆಟ್ಟು ಒಳಗಿನ ವೆಟ್ ಬಲ್ಬ್ (ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರ್ಸೋ ಬಿಸಿ), ಹೊರಗಿನ ಬಿಸಿ ಎರಡರ ಮೇಲೂ ನಿಂತಿರುತ್ತೆ, ಒಂದು ತಪ್ಪಿದ್ರೂ ಲೆಕ್ಕ ಕೆಡುತ್ತೆ.

ಚಳಿಗಾಲದಲ್ಲಿ ಮಾತ್ರ ತೂಕವೇ ನಂಗೆ ನಂಬಿಕೆ. ಒಳಗಿರೋ ಗ್ಯಾಸನ್ನ ಪೂರ್ತಿ ರಿಕವರ್ ಮಾಡಿ (ಹೊರಗೆ ತೆಗೆದು ಸಿಲಿಂಡರಿಗೆ ತುಂಬಿ), 500 ಮೈಕ್ರಾನ್‌ಗಿಂತ (ವ್ಯಾಕ್ಯೂಮ್ ಅಳೆಯೋ ಲೆಕ್ಕ) ಕೆಳಗೆ ವ್ಯಾಕ್ಯೂಮ್ ಎಳೆದು, ನೇಮ್‌ಪ್ಲೇಟ್ ತೂಕಕ್ಕೆ ಪೈಪ್ ಉದ್ದದ ಎಕ್ಸ್‌ಟ್ರಾ ಸೇರಿಸಿ, ಸಿಲಿಂಡರನ್ನ ತಕ್ಕಡಿ ಮೇಲೆ ಇಟ್ಟು ಗ್ಯಾಸ್ ಹಾಕೋದು. ಖರ್ಚು ಜಾಸ್ತಿನೇ, ಆದ್ರೆ ಲೀಕ್ ರಿಪೇರಿ ಆದ್ಮೇಲೆ, ಡಕ್ಟ್ ಇಲ್ಲದ ಮಿನಿ ಸ್ಪ್ಲಿಟ್‌ಗೆ ಇದೇ ಸರಿ.

ಯಾವ್ದೇ ಆಗ್ಲಿ ಗೇಜ್ ಹಾಕೋಕ್ ಮುಂಚೆ ಫಿಲ್ಟರ್, ಕಾಯಿಲ್ ಕ್ಲೀನ್ ಇದ್ಯಾ ನೋಡ್ಲೇಬೇಕು, ಗಾಳಿ ಸರಿಯಾಗಿ ಓಡದೇ ಇದ್ರೆ ಸಬ್‌ಕೂಲಿಂಗ್, ಸೂಪರ್‌ಹೀಟ್ ರೀಡಿಂಗ್ ಅರ್ಥ ಮಾಡ್ಕೊಳೋದೇ ಕಷ್ಟ. ಗ್ಯಾಸ್ ಮುಟ್ಟೋ ಕೆಲ್ಸ ಇಪಿಎ (ಅಮೆರಿಕದ ಪರಿಸರ ಇಲಾಖೆ) 608 ಸರ್ಟಿಫಿಕೇಟ್ ಇರೋರಿಗೇ ಬಿಡಿ, ಅಲ್ಲಿ ಅದು ಕಾನೂನು.